ಪಲ್ಪರ್ ಮಂಜಯ್ಯ ಹಾಕಿದ ಸಹಿ

ಪಲ್ಪರ್ ಮಂಜಯ್ಯನಿಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಆ ಪಲ್ಪರ್ ಮೆಷಿನ್ನನ್ನು ಎಡಕ್ಕಿಟ್ಟುಕೊಂಡು ಇಪ್ಪತ್ತಾರು ವರ್ಷ ನಿಂತರೆ ಯಾರ ಕಿವಿಯೂ ಉಳಿಯುವುದಿಲ್ಲ. ಅವನ ಹತ್ತಿರ ಮಾತಾಡಬೇಕಾದರೆ ಬಲಗಡೆಗೆ ಬಂದು ನಿಲ್ಲಬೇಕು. ನನಗೆ ಅದು ಗೊತ್ತಿರಲಿಲ್ಲ, ಒಂದೇ ಮಾತನ್ನು ಮೂರು ಸಲ ಹೇಳುವ ತಾಳ್ಮೆಯೂ ಇಲ್ಲ. ಮೊದಲ ಭೇಟಿಯಲ್ಲೇ ಅವನ ಮೇಲೆ ಕೂಗಾಡಿಬಿಟ್ಟಿದ್ದೆ. ಅವನು ನಕ್ಕು, "ಈ ಕಡೆಗೆ ಬನ್ನಿ ಮೇಷ್ಟ್ರೆ, ಆ ಕಡೆ ಬಾಗ್ಲು ಹಾಕಿದೆ" ಎಂದಿದ್ದ.

ನಾನು ಷಡಕ್ಷರಿ, ಕನ್ನಡ ಮೇಷ್ಟ್ರು. ಬಣಕಲ್ ಮತ್ತು ಜಾವಳಿ ನಡುವಿನ ಸೀಮೆಯಲ್ಲಿ ನಮ್ಮದೊಂದು ಸಣ್ಣ ಹೈಸ್ಕೂಲು. ಊರಿನ ಹೆಸರು ಬೇಡ ಬಿಡಿ, ಇದ್ದವರು ಇನ್ನೂ ಅಲ್ಲೇ ಇದ್ದಾರೆ. ಶಾಲೆಯ ಮೇಲ್ಗಡೆ, ಹಳ್ಳ ಇಳಿದು ಬರುವ ದಿಕ್ಕಿನಲ್ಲಿ, ಏಕಾಂತಪ್ಪನವರ ಎಸ್ಟೇಟು. ಕೂಲಿಯವರಿಗೆ ಎಸ್ಟೇಟೇ ಕೊಟ್ಟ ಸಾಲುಮನೆಗಳ ಲೈನಿನ ಏಳನೇ ಮನೆಯಲ್ಲಿ ಮಂಜಯ್ಯ, ಅವನ ಹೆಂಡತಿ ಕುಸುಮಾ, ಮಗಳು ರೂಪಶ್ರೀ. ಹುಡುಗಿ ಆಗ ನಮ್ಮಲ್ಲಿ ಒಂಬತ್ತನೇ ಕ್ಲಾಸು.

ಮಂಜಯ್ಯನ ಕೆಲಸ ನೋಡಬೇಕಿತ್ತು ನೀವು. ಸಿಪ್ಪೆ ಸುಲಿದ ಕಾಫಿ ಬೀಜಕ್ಕೆ ಲೋಳೆ ಅಂಟಿಕೊಂಡಿರುತ್ತದೆ. ತೊಟ್ಟಿಯಲ್ಲಿ ಒಂದೂವರೆ ದಿನ ಹುಳಿ ಬರಿಸಿ ಆಮೇಲೆ ತೊಳೆಯಬೇಕು. ಬೇಗ ತೊಳೆದರೆ ಲೋಳೆ ಬಿಡುವುದಿಲ್ಲ, ತಡವಾದರೆ ಕಾಫಿಯೇ ನಾರುತ್ತದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವಾಚು ನೋಡುತ್ತಾ ಚಡಪಡಿಸುತ್ತಿದ್ದರೆ ಮಂಜಯ್ಯ ತೊಟ್ಟಿಯಿಂದ ಒಂದು ಹಿಡಿ ಬೀಜ ತೆಗೆದು, ಬಲಗಿವಿಯ ಹತ್ತಿರ ಹಿಡಿದು ಮುಷ್ಟಿಯಲ್ಲಿ ತಿಕ್ಕುತ್ತಿದ್ದ. ಜಲ್ಲಿಕಲ್ಲಿನ ಹಾಗೆ ಚರಚರ ಸದ್ದು ಬರಬೇಕು. ಬಂದರೆ, "ಆಯ್ತು, ನೀರು ಬಿಡಿ" ಎನ್ನುವನು. ಅವನು ಹೇಳಿದ ಮೇಲೆ ರೈಟರ್ ಕೂಡ ಎದುರಾಡುತ್ತಿರಲಿಲ್ಲ.

ಆದರೆ ಆ ತೊಳೆದ ನೀರು ಎಲ್ಲಿಗೆ ಹೋಗಬೇಕು? ಅದಕ್ಕೆಂದೇ ಎರಡು ದೊಡ್ಡ ಗುಂಡಿಗಳಿದ್ದವು. ಫಸಲು ಜೋರಾದ ವರ್ಷ ಶುಕ್ರವಾರದೊಳಗೆ ಎರಡೂ ತುಂಬಿ ತುಳುಕುತ್ತಿದ್ದವು. ಮೂರನೆಯದು ತೋಡಬೇಕೆಂದರೆ ನಲವತ್ತು ಕಾಫಿ ಗಿಡ ಕೀಳಬೇಕು. ಏಕಾಂತಪ್ಪನವರಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಭಾನುವಾರ ಮಧ್ಯಾಹ್ನ, ಲೈನಿನವರೆಲ್ಲ ಸಾಮಾನು ತರಲು ಬಣಕಲ್ಲಿಗೆ ಹೋದಾಗ, ಗುಂಡಿಯ ಬಾಯಿಗೆ ಅಡ್ಡ ಇಟ್ಟಿದ್ದ ಹಲಗೆ ಎತ್ತಿ ಹಳ್ಳಕ್ಕೆ ಬಿಡುವುದು ವಾಡಿಕೆ. ಎತ್ತುವವನು ಮಂಜಯ್ಯ. ಎತ್ತುವ ಮೊದಲು ಗುಂಡಿಗೆ ನಾಲ್ಕು ಬುಟ್ಟಿ ಸುಣ್ಣ ಹಾಕುತ್ತಿದ್ದ. ಸುಣ್ಣ ಹಾಕಿದರೆ ಹುಳಿ ಸಾಯುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದನಂತೆ.

ನಮ್ಮ ವಿಜ್ಞಾನದ ಟೀಚರ್ ಸತ್ಯವತಿ ಪ್ರತಿ ಜನವರಿಯಲ್ಲಿ ಒಂಬತ್ತನೇ ಕ್ಲಾಸನ್ನು ಹಳ್ಳಕ್ಕೆ ಕರೆದುಕೊಂಡು ಹೋಗುತ್ತಾರೆ. ಕೈಯಲ್ಲಿ ಒಂದು ಬಿಳಿ ಪಿಂಗಾಣಿ ತಟ್ಟೆ. ಹಳ್ಳದ ಕಲ್ಲು ಮಗುಚಿ, ಅದರ ಅಡಿಗೆ ಅಂಟಿಕೊಂಡ ಹುಳಗಳನ್ನು ತಟ್ಟೆಗೆ ತೊಳೆದು ಎಣಿಸುವುದು. ಚಪ್ಪಟೆ ಮೈಯ, ಮೂರು ಬಾಲದ ಮರಿಹುಳ ಇದ್ದರೆ ನೀರು ಚೆನ್ನಾಗಿದೆ ಎಂದರ್ಥ. ಆ ವರ್ಷ ಇಪ್ಪತ್ತು ಕಲ್ಲು ಮಗುಚಿದರೂ ತಟ್ಟೆಯಲ್ಲಿ ಬೂದು ಬಣ್ಣದ ಲೋಳೆ ಬಿಟ್ಟರೆ ಒಂದು ಹುಳವೂ ಇಲ್ಲ. ಮೋರಿಯ ಕೆಳಗೆ ಸಣ್ಣ ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು.

"ನೀರಿನಲ್ಲೂ ಉಸಿರು ಇರ್ತದೆ ಮಕ್ಕಳೇ" ಎಂದರು ಸತ್ಯವತಿ. "ಕಾಫಿ ಹಣ್ಣಿನ ಸಿಹಿ ನೀರಿಗೆ ಸೇರಿದ್ರೆ ಕಣ್ಣಿಗೆ ಕಾಣದ ಜೀವಾಣುಗಳಿಗೆ ಹಬ್ಬ. ಅವು ತಿಂದು ತಿಂದು ಹೆಚ್ಚಾಗ್ತವೆ, ನೀರಲ್ಲಿರೋ ಆಮ್ಲಜನಕ ಎಲ್ಲ ಮುಗಿಸ್ತವೆ. ಮೊದ್ಲು ಹುಳ ಸಾಯ್ತದೆ. ಹುಳ ತಿನ್ನೋ ಮೀನು ಆಮೇಲೆ. ಮೀನು ತಿನ್ನೋ ಮಿಂಚುಳ್ಳಿ ಊರು ಬಿಟ್ಟು ಹೋಗ್ತದೆ." ವಾಪಸು ಬಂದು ಬೋರ್ಡಿನ ಮೇಲೆ ನಿಯಮ ಬರೆಸಿದರು. ಕೊಳಕು ನೀರನ್ನು ಹೊಳೆಗೆ, ಹಳ್ಳಕ್ಕೆ, ಬಾವಿಗೆ ಬಿಡಬಾರದೆಂದು ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲೇ ಕಾಯ್ದೆ ಆಗಿದೆ. ಕಾಡು, ಕೆರೆ, ನದಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದಲ್ಲೇ ಇದೆ. ಮಕ್ಕಳು ಚೆಂದದ ಅಕ್ಷರದಲ್ಲಿ ಬರೆದುಕೊಂಡರು.

ಅಲ್ಲಿಗೇ ನಿಂತಿದ್ದರೆ ಪಾಠ ಪಾಠವಾಗಿಯೇ ಉಳಿಯುತ್ತಿತ್ತು. ಮುಂದಿನ ಪೀರಿಯಡ್ ನನ್ನದು, ಪತ್ರಲೇಖನ.

ಪತ್ರಲೇಖನದಲ್ಲಿ ನನಗೊಂದು ಹಟ. ಪರೀಕ್ಷೆಯಲ್ಲಿ ಮಕ್ಕಳು 'ಇಂದ' ಎಂದು ಬರೆದು ಕೆಳಗೆ ತಮ್ಮ ಹೆಸರಿನ ಬದಲು 'ಅ.ಬ.ಕ.' ಎಂದು ಗೀಚುವುದುಂಟಲ್ಲ, ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. "ಅಬಕ ಯಾರೋ? ನಿನ್ನ ಚಿಕ್ಕಪ್ಪನಾ? ಹೆಸರಿಲ್ಲದವನ ಪತ್ರಕ್ಕೆ ಯಾವ ಅಧಿಕಾರಿ ಉತ್ತರ ಬರೀತಾನೆ? ಹೆಸರು ಹಾಕು, ಮನೆ ನಂಬರ್ ಹಾಕು!" ಎಂದು ಬೈದು ಅರ್ಧ ಅಂಕ ಕತ್ತರಿಸುತ್ತಿದ್ದೆ. ಮನೆಗೆ ಹೋಗಿ ಪತ್ರವನ್ನು ಅಪ್ಪ ಅಮ್ಮನಿಗೆ ಓದಿ ಹೇಳಿ, ಕೆಳಗೆ ಸಹಿ ಹಾಕಿಸಿಕೊಂಡು ಬರಬೇಕು ಎನ್ನುವುದು ಇನ್ನೊಂದು ಕಟ್ಟಳೆ. ಆ ದಿನ, ಹಳ್ಳದ ನೀರಿನ ಬಗ್ಗೆಯೇ, ನೀರಿನ ಮಾಲಿನ್ಯ ನೋಡಿಕೊಳ್ಳುವ ಅಧಿಕಾರಿಗಳಿಗೆ ಪತ್ರ ಬರೆಯಿರಿ ಎಂದೆ.

ರೂಪಶ್ರೀಯ ಪತ್ರ ಇನ್ನೂ ನನಗೆ ಬಾಯಿಪಾಠ ಇದೆ. "ಮಾನ್ಯರೆ, ನಮ್ಮ ಎಸ್ಟೇಟಿನ ಪಲ್ಪರ್ ನೀರಿಗೆ ಎರಡೇ ಗುಂಡಿ ಇವೆ. ಅವು ತುಂಬಿದಾಗ ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ಹಲಗೆ ಎತ್ತಿ ಹಳ್ಳಕ್ಕೆ ಬಿಡುತ್ತಾರೆ. ಆಗ ಏಡಿಗಳು ನೀರು ಬಿಟ್ಟು ದಂಡೆಗೆ ಹತ್ತುತ್ತವೆ. ನಾವು ಲೈನಿನವರು ಅದೇ ನೀರಿನಲ್ಲಿ ಬಟ್ಟೆ ಒಗೆಯುತ್ತೇವೆ. ದಯವಿಟ್ಟು ಮೂರನೇ ಗುಂಡಿ ತೋಡಿಸಿಕೊಡಬೇಕಾಗಿ ಪ್ರಾರ್ಥನೆ." ಅಪ್ಪನಿಗೆ ಬುತ್ತಿ ಕೊಡಲು ಹೋಗುತ್ತಿದ್ದ ಹುಡುಗಿ, ಕಣ್ಣಾರೆ ಕಂಡದ್ದನ್ನು ಬರೆದಿದ್ದಳು. ಯಾರು ಎತ್ತುತ್ತಾರೆ ಎಂದು ಮಾತ್ರ ಬರೆದಿರಲಿಲ್ಲ. ಮೇಲೆ ಪೂರ್ತಿ ವಿಳಾಸ: ರೂಪಶ್ರೀ, ಲೈನ್ ಮನೆ ಏಳು. ಕೆಳಗೆ ಸೊಟ್ಟಸೊಟ್ಟ ಅಕ್ಷರದಲ್ಲಿ 'ಮಂಜಯ್ಯ'. ನಾನು ಕೆಂಪು ಪೆನ್ನಿನಲ್ಲಿ ಐದಕ್ಕೆ ಐದು ಹಾಕಿ, ವಿಳಾಸದ ಪಕ್ಕ ಒಂದು ನಕ್ಷತ್ರವನ್ನೂ ಬಿಡಿಸಿದೆ.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ? ಪುಸ್ತಕದಲ್ಲೇ ಕೊಳೆಯುವ ಪತ್ರ ಯಾತರ ಪತ್ರ ಎಂದು, ಆ ಹಾಳೆ ಹರಿದು ಲಕೋಟೆಗೆ ಹಾಕಿದೆ. ಸತ್ಯವತಿ ಸ್ಟಾಫ್ ರೂಮಿನಲ್ಲಿ ತಡೆದರು. "ಮೇಷ್ಟ್ರೇ, ಆ ಮಗುವಿನ ಹೆಸ್ರು ಬೇಡ. ನಾನೇ ಬರೀತೀನಿ, ನನ್ನ ಹೆಸ್ರಲ್ಲಿ."

"ಸುಮ್ನಿರಿ ಟೀಚರ್, ಮಕ್ಕಳು ಬರೆದ್ರೆ ಅದಕ್ಕೊಂದು ತೂಕ ಇರ್ತದೆ. ನಮ್ಮದನ್ನ ಯಾರು ಓದ್ತಾರೆ?" ಎಂದು ಅವರ ಬಾಯಿ ಮುಚ್ಚಿಸಿದೆ. ಬಣಕಲ್ಲಿನ ಅಂಚೆ ಡಬ್ಬಿಗೆ ನಾನೇ ಹಾಕಿದೆ. ಹಾಕುವಾಗ ಎಂಥ ಹೆಮ್ಮೆ ನನಗೆ!

ಮೂರು ವಾರದ ಮೇಲೆ ಏಕಾಂತಪ್ಪನವರ ಜೀಪು ಶಾಲೆಗೆ ಬಂತು. ನನ್ನನ್ನು, ಸತ್ಯವತಿಯನ್ನು, ರೂಪಶ್ರೀಯನ್ನು ಕರೆದೊಯ್ಯಲು. ಪಲ್ಪರ್ ಮನೆಯ ಮುಂದೆ ಕುರ್ಚಿ ಹಾಕಿತ್ತು, ತನಿಖೆಗೆ ಬಂದ ಅಧಿಕಾರಿಯೊಬ್ಬರು ಕಾಫಿ ಕುಡಿಯುತ್ತಿದ್ದರು. ಏಕಾಂತಪ್ಪನವರ ಕೈಯಲ್ಲಿ ಪತ್ರದ ಜೆರಾಕ್ಸು. ದೂರಿಗೆ ವಿವರಣೆ ಕೊಡಿ ಎಂದು ಆಫೀಸಿನವರು ದೂರನ್ನೇ, ಹೆಸರು ವಿಳಾಸದ ಸಮೇತ, ಎಸ್ಟೇಟಿಗೆ ಕಳಿಸಿಬಿಟ್ಟಿದ್ದರು. ನನ್ನ ನಕ್ಷತ್ರವೂ ಅದರಲ್ಲಿ ಕಪ್ಪಗೆ ಮೂಡಿತ್ತು.

ಏಕಾಂತಪ್ಪನವರು ದನಿ ಏರಿಸುವ ಮನುಷ್ಯರಲ್ಲ. "ಇದು ಪಾಠಕ್ಕೆ ಅಂತ ಬರೆಸಿದ ಪತ್ರ ಸಾರ್, ಕಲ್ಪನೆ. ಬೇಕಾದ್ರೆ ಮೇಷ್ಟ್ರನ್ನೇ ಕೇಳಿ" ಎಂದರು. "ಹಂಗೇಳಿ ಹುಡ್ಗಿ ಒಂದು ಸಾಲು ಬರ್ಕೊಟ್ರೆ ಮುಗೀತು. ಯಾರಿಗೂ ತೊಂದ್ರೆ ಬೇಡ."

ಅಧಿಕಾರಿ ನನ್ನ ಮುಖ ನೋಡಿದರು. ನಮ್ಮ ಶಾಲೆಯ ಎರಡು ಕೋಣೆ ಕಟ್ಟಿಸಿಕೊಟ್ಟವರು ಏಕಾಂತಪ್ಪನವರು. ಅದು ನೆಪ, ಬಿಡಿ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಯಿತು. "ಹೌದು ಸಾರ್, ಅಭ್ಯಾಸಕ್ಕೇ ಬರೆಸಿದ್ದು" ಎಂದೆ. ಸತ್ಯವತಿ ತಿರುಗಿ ನನ್ನನ್ನು ನೋಡಿದ ನೋಟ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. "ಸುಳ್ಳು ಸಾರ್" ಎಂದು ಅವರು ಬಾಯಿ ತೆರೆದರು. "ನೀವು ತಡೀರಿ ಮೇಡಂ" ಎಂದು ಅಧಿಕಾರಿ ಕೈ ಅಡ್ಡ ಹಿಡಿದರು. ರೈಟರ್ ರೂಪಶ್ರೀಯ ಕೈಗೆ ಪೆನ್ನು ಕೊಟ್ಟರು.

"ಕಲ್ಪನೆ ಅಂತ ಬರೀಬೇಕಾ ಸಾರ್?" ಎಂದು ಅವಳು ನನ್ನನ್ನೇ ಕೇಳಿದಳು. ನಾನು ಗುಂಡಿಯ ಕಡೆ ಮುಖ ತಿರುಗಿಸಿದೆ.

ಮಂಜಯ್ಯ ಮೆಷಿನ್ನಿನ ಹತ್ತಿರ ನಿಂತಿದ್ದ, ಎಡಗಿವಿ ನಮ್ಮ ಕಡೆಗೆ. ಅವನಿಗೆ ಏನೂ ಕೇಳಿಸಿರಲಿಲ್ಲ. "ಎಂತ ಬರೀಬೇಕಂತೆ?" ಎಂದ. ಮಗಳು ಅವನ ಬಲಗಡೆಗೆ ಹೋಗಿ ಹೇಳಿದಳು. ಅವನು ಕೈಯ ಲೋಳೆಯನ್ನು ಪಂಚೆಗೆ ಒರೆಸಿಕೊಂಡ.

"ಬರೀಬೇಡ" ಎಂದ. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಮಗು ಬರ್ದಿದ್ದು ನಿಜವೇ ಸ್ವಾಮಿ. ಹಲಗೆ ಎತ್ತೋನು ನಾನೇ. ನೋಡಿ, ಕೆಳಗೆ ಸಹಿ ನಂದೇ ಅದೆ."

"ಎತ್ತು ಅಂತ ಯಾರು ಹೇಳಿದ್ದು?" ಎಂದರು ಅಧಿಕಾರಿ.

ಏಕಾಂತಪ್ಪನವರು ಎದ್ದು ಬಂದು ಅವನ ಬಲಗಡೆಗೆ ನಿಂತರು. ಮೆಲ್ಲಗೆ, "ಮಗಳ ಪರೀಕ್ಷೆ ಹತ್ರ ಬಂತಲ್ಲ ಮಂಜಯ್ಯ. ಲೈನ್ ಮನೇಲೇ ಇದ್ಕೊಂಡು ಓದ್ಲಿ" ಎಂದರು. ಹತ್ತಿರವಿದ್ದ ನನಗೆ ಕೇಳಿಸಿತು, ಅಧಿಕಾರಿಗೆ ಕೇಳಿಸಲಿಲ್ಲ.

ಮಂಜಯ್ಯ, "ಯಾರೂ ಹೇಳಿಲ್ಲ ಸ್ವಾಮಿ" ಎಂದ. ನಾನು ಆಗಲೂ ಬಾಯಿ ಬಿಡಲಿಲ್ಲ.

ವರದಿಯಲ್ಲಿ ಕೆಲಸಗಾರನ ಅಜಾಗರೂಕತೆ ಎಂದು ಬರೆಯಲಾಯಿತು. ಮೂರನೇ ಗುಂಡಿ ತೋಡಬೇಕೆಂದು ಎಸ್ಟೇಟಿಗೆ ನೋಟಿಸು. ಎಂಟನೇ ದಿನ ಮಂಜಯ್ಯನ ಕೆಲಸವೂ ಹೋಯಿತು, ಮನೆಯೂ ಹೋಯಿತು. "ಸರ್ಕಾರದ ಕಾಗದದಲ್ಲೇ ತಪ್ಪು ಅವಂದು ಅಂತ ಬಂದಿದೆ. ಅವನನ್ನ ಇಟ್ಕೊಂಡ್ರೆ ನಾಳೆ ನನ್ನನ್ನ ಕೇಳ್ತಾರೆ" ಎಂದರಂತೆ ಏಕಾಂತಪ್ಪನವರು. ಪರೀಕ್ಷೆಗೆ ಇನ್ನೂ ಹದಿನೈದು ದಿನ ಇತ್ತು.

ಅವರು ಹೊರಡುವ ದಿನ ನಾನು ಲೈನಿಗೆ ಹೋದೆ. ಪಾತ್ರೆ, ಹಾಸಿಗೆ, ಎರಡು ಟ್ರಂಕು ಪಿಕಪ್‌ಗೆ ಏರಿದ್ದವು. ಮಂಜಯ್ಯನ ಬಲಗಡೆ ನಿಂತು ಕೇಳಿದೆ. "ಆ ಪತ್ರಕ್ಕೆ ಸಹಿ ಎಂತಕ್ಕೆ ಹಾಕಿದೆ ಮಾರಾಯ? ಆಗೋದಿಲ್ಲ ಅಂದಿದ್ರೆ ಆಗ್ತಿತ್ತಲ್ಲ."

"ಮಗು ಓದಿ ಹೇಳ್ತು ಮೇಷ್ಟ್ರೆ. ಒಂದು ಸುಳ್ಳೂ ಇರ್ಲಿಲ್ಲ ಅದ್ರಲ್ಲಿ. ಏಡಿಗಳು ದಂಡೆಗೆ ಹತ್ತಿ ಕೂರೂದು ಇಪ್ಪತ್ತಾರು ವರ್ಷದಿಂದ ನೋಡ್ತಿದ್ದೆ ನಾನು. ಯಾರಿಗೂ ಹೇಳಿರ್ಲಿಲ್ಲ. ಅದು ಹೇಳ್ತು." ಅವನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಬೈದವಳು ಕುಸುಮಾ. "ನಿಮ್ಮ ಐದು ಮಾರ್ಕಿಗೆ ನಮ್ಮ ಮನೆ ಹೋಯ್ತು ಮೇಷ್ಟ್ರೆ. ಮಕ್ಕಳಿಗೆ ನಿಜ ಬರೀರಿ ಅಂತ ಕಲ್ಸಿ, ಅಲ್ಲಿ ನೀವೇ ಸುಳ್ಳು ಹೇಳಿದ್ರಲ್ಲ" ಎಂದಳು. ತಲೆ ತಗ್ಗಿಸಿಕೊಂಡು ಬಂದೆ.

ಈಗ ಅವರು ಬಣಕಲ್ಲಿನಲ್ಲಿ, ಗ್ಯಾರೇಜೊಂದರ ಹಿಂದಿನ ಕೋಣೆಯಲ್ಲಿದ್ದಾರೆ. ಮಂಜಯ್ಯ ಗೋಡೌನಿನಲ್ಲಿ ಮೂಟೆ ಹೊರುತ್ತಾನೆ. ಮುಂದಿನ ಸುಗ್ಗಿಯಲ್ಲಿ ಸುತ್ತಮುತ್ತಲ ಯಾವ ಎಸ್ಟೇಟಿನವರೂ ಅವನನ್ನು ಪಲ್ಪರಿಗೆ ಕರೆಯಲಿಲ್ಲ. ದೂರು ಕಾಗದದವನು ಎಂದು ಹೆಸರು ಬಿದ್ದಿತ್ತು. ಒಂದು ದಿನ ಮೂಟೆ ಹರಿದು ಚೆಲ್ಲಿದ, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯನ್ನು ಅವನು ಹಿಡಿಯಲ್ಲಿ ತೆಗೆದು ಬಲಗಿವಿಯ ಹತ್ತಿರ ತಿಕ್ಕುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡು ಕೆಳಗೆ ಹಾಕಿದ.

ಮರುವರ್ಷದ ಜನವರಿಯಲ್ಲಿ ಮೂರನೇ ಗುಂಡಿ ಆಗಿತ್ತು. ನಲವತ್ತಲ್ಲ, ಇಪ್ಪತ್ತೆರಡೇ ಗಿಡ ಕೀಳಬೇಕಾಯಿತಂತೆ. ಸತ್ಯವತಿಯ ತಟ್ಟೆಯಲ್ಲಿ ಮೂರು ಬಾಲದ ಹುಳ ಐದು ಸಿಕ್ಕವು. ಹೊಸ ಒಂಬತ್ತನೆಯ ಕ್ಲಾಸು ಚಪ್ಪಾಳೆ ಹೊಡೆಯಿತು. ಸತ್ಯವತಿ ನಗಲಿಲ್ಲ, ನೀರನ್ನು ಮೆಲ್ಲಗೆ ಹಳ್ಳಕ್ಕೆ ಬಗ್ಗಿಸಿದರು. ನನ್ನ ಹತ್ತಿರ ಅವರು ಮಾತು ಬಿಟ್ಟು ಒಂದು ವರ್ಷವಾಗುತ್ತಾ ಬಂದಿತ್ತು.

ಫೆಬ್ರವರಿಯಲ್ಲಿ ಹತ್ತನೇ ಕ್ಲಾಸಿಗೆ ಪೂರ್ವಸಿದ್ಧತಾ ಪರೀಕ್ಷೆ. ರೂಪಶ್ರೀ ಬಣಕಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಐದು ಅಂಕದ ಪ್ರಶ್ನೆ: ನಿಮ್ಮ ಊರಿನ ಕುಡಿಯುವ ನೀರಿನ ತೊಂದರೆಯ ಬಗ್ಗೆ ಅಧಿಕಾರಿಗಳಿಗೆ ಪತ್ರ ಬರೆಯಿರಿ. ಅವಳ ಉತ್ತರದಲ್ಲಿ ದಿನಾಂಕ, ವಿಷಯ, ಗೌರವದ ಮಾತು ಎಲ್ಲ ಸರಿಯಾಗಿದ್ದವು. "ನಮ್ಮ ಊರಿನಲ್ಲಿ ನೀರಿನ ತೊಂದರೆ ಇರುತ್ತದೆ. ದಯವಿಟ್ಟು ಸರಿಪಡಿಸಬೇಕು." ಅಷ್ಟೇ. ಯಾವ ಊರು, ಯಾವ ನೀರು, ಯಾರು ಕುಡಿಯುತ್ತಾರೆ, ಏನೂ ಇಲ್ಲ. ಮೇಲೆ 'ಇಂದ' ಎಂದು ಬರೆದು, ಅದರ ಕೆಳಗೆ ಗುಂಡಗುಂಡ ಅಕ್ಷರದಲ್ಲಿ: ಅ.ಬ.ಕ.

ಕೆಂಪು ಪೆನ್ನು ತೆಗೆದುಕೊಂಡೆ, ಅರ್ಧ ಅಂಕವನ್ನೂ ಕತ್ತರಿಸಲಿಲ್ಲ. ಐದಕ್ಕೆ ಐದು ಹಾಕಿದೆ.

ಪೇಪರು ಹಂಚುವಾಗ ಹಳೇ ಅಭ್ಯಾಸ ಬಾಯಿಗೆ ಬಂದುಬಿಟ್ಟಿತು. "ನಾಳೆ ಅಪ್ಪನ ಸಹಿ ಹಾಕಿಸಿಕೊಂಡು ಬಾ" ಎಂದೆ.

ರೂಪಶ್ರೀ ಪೇಪರನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. "ಅಪ್ಪ ಈಗ ಎಂತಕ್ಕೂ ಸಹಿ ಹಾಕೂದಿಲ್ಲ ಸಾರ್" ಎಂದಳು. "ಬೇಕಾದ್ರೆ ಅಮ್ಮನ ಹೆಬ್ಬೆಟ್ಟು ಒತ್ತಿಸ್ಕೊಂಡು ಬರ್ತೀನಿ."

ಬೇಡ ಎಂದೆ.