ಚಹಾಕ್ಕಿಂತ ಮೊದಲು ಹಿತ್ತಲು

ಆಳಂದದಲ್ಲಿ ನಮಗೆ ಮನೆ ಮಾರಿದ ಹೆಂಗಸು ಬಂದವರಿಗೆ ಮೊದಲು ಚಹಾ ಕೊಡುತ್ತಿರಲಿಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ನಾವು ಮನೆ ನೋಡಲು ಹೋದ ದಿನವೂ ಕೂರಿಸದೆ, "ಚಹಾ ಆಮ್ಯಾಲ್ರಿ, ಮದ್ಲ ಹಿತ್ತಲ ನೋಡ್ರಿ" ಎಂದು ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದರು. ಗೋಡೆಯ ಮೂಲೆಯಲ್ಲಿ ಹುಲ್ಲು ಹುಟ್ಟದ ಬೋಳು ನೆಲವಿತ್ತು. ಅದನ್ನು ಚಪ್ಪಲಿಯ ತುದಿಯಿಂದ ಗೀರಿ ತೋರಿಸಿದರು.

"ಗ್ವಾಡಿ ಆಚೆ ಬೆಳಿಗಿ ಹೊಡಿಯೋ ಔಷಧದ ಗೋದಾಮ ಇತ್ರಿ. ಡಬ್ಬಿ ಸೋರಿ ಇಲ್ಲಿತನಕ ಹರದದ."

ಅಫಜಲಪುರದಲ್ಲಿ ತಂಗಿಯ ಮನೆಯ ಪಕ್ಕ ಇರಬೇಕೆಂಬುದು ಅವರ ಆಸೆ. ಈ ಮನೆ ಮಾರದೆ ಅದು ಆಗುವಂತಿರಲಿಲ್ಲ. ಆದರೂ ಬಂದವರಿಗೆಲ್ಲ ಹೀಗೇ ತೋರಿಸಿ ಕಳಿಸುತ್ತಿದ್ದರಂತೆ. ಮನೆಗೆ ಬಂದವರನ್ನು ಚಹಾ ಇಲ್ಲದೆ ನಿಲ್ಲಿಸಿದ್ದಕ್ಕೆ ನನಗೆ ಸಿಟ್ಟೇ ಬಂತು.

"ಚಹಾ ಕುಡಿಸಿ ಹೇಳಬಹುದಿತ್ತಲ್ರಿ?" ಎಂದೆ.

"ಚಹಾ ಕುಡದ ಮಂದಿಗಿ ಬ್ಯಾಡ ಅನ್ನಾಕ ನಾಚಿಕಿ ಬರ್ತದ್ರಿ."

ಆ ಮಾತು ಕೇಳಿಯೇ ನಾವು ಮನೆ ಬೇಡವೆಂದು ಹೊರಟುಹೋಗಲಿಲ್ಲ. ಮಣ್ಣು, ಕೊಳವೆಬಾವಿಯ ನೀರು ಎರಡನ್ನೂ ಪರೀಕ್ಷೆಗೆ ಕಳಿಸಿದೆವು. ನೀರು ಚೆನ್ನಾಗಿತ್ತು, ವಿಷ ಆ ಮೂಲೆಯಲ್ಲಷ್ಟೇ ಇತ್ತು. ಬಲ್ಲವರಿಂದ ಅಲ್ಲಿನ ಮಣ್ಣು ತೆಗೆಸಿ, ಹೊಸ ಮಣ್ಣು ತುಂಬಿಸಿ, ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಮನೆ ಕೊಂಡೆವು. ಅವರು ತಂಗಿಯ ಊರಿಗೆ ಹೋದರು.

ಈ ಮಳೆಗಾಲದಲ್ಲಿ ನಮ್ಮನ್ನು ನೋಡಲು ಬಂದರು. ನನ್ನ ಹೆಂಡತಿ ಒಲೆಯತ್ತ ಹೊರಟಳು. ಅವರು ಕೈಯೆತ್ತಿ ತಡೆದು, ನೇರ ಹಿತ್ತಲಿಗೆ ನಡೆದರು. ಮೂಲೆಯ ತುಂಬ ಹುಲ್ಲು ಬೆಳೆದಿತ್ತು. ಚಪ್ಪಲಿ ಕಳಚಿ, ಬರಿಗಾಲಲ್ಲಿ ಅದರ ಮೇಲೆ ನಿಂತರು.

"ಈಗ ಇಡ್ರಿ ಚಹಾ."