ಬರೀ ಓದಿದ್ದಕ್ಕೆ ಕೆಟ್ಟ ಡಿಸ್ಕ್

ಆಸ್ಪತ್ರೆಯ ಸರ್ವರ್ ಕೋಣೆಯನ್ನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದವಳಿಗೆ ಎಲ್ಲರೂ ಇಟ್ಟ ಹೆಸರು ಹಟದಕ್ಕ. ಹೆಸರೇನೂ ಸುಮ್ಮನೆ ಬಂದದ್ದಲ್ಲ. ಈಚೆಗೆ ಒಂದೇ ತಿಂಗಳಲ್ಲಿ ಮೂರು ಸಲ ರೋಗಿಗಳ ಎಕ್ಸ್‌ರೇ ಫೈಲುಗಳು ಕೆಟ್ಟು ಕೂತವು. ಮೂರು ಸಲವೂ ಬ್ಯಾಕಪ್‌ನಿಂದ ತಂದು ಸರಿಮಾಡಿದವಳು ಅವಳೇ. ಆದರೂ ಮೇಲಧಿಕಾರಿ ಗೂಬೆ ಕೂರಿಸಿದ್ದು ಅವಳ ತಲೆಯ ಮೇಲೆಯೇ! 'ನನ್ನ ಅಜಾಗರೂಕತೆಯಿಂದ ಫೈಲುಗಳು ಹಾಳಾದವು' ಎಂದು ಟೈಪು ಮಾಡಿ, ಕೆಳಗೆ ಅವಳ ಹೆಸರು ಹಾಕಿದ್ದ ಕಾಗದವನ್ನು ಮುಂದೆ ತಳ್ಳಿದ.

"ಸಂಜೆಯೊಳಗೆ ಸಹಿ ಹಾಕಿ. ಇಲ್ಲಾಂದ್ರೆ ನಾಳೆಯಿಂದ ಬರೋದೇ ಬೇಡ."

"ಮಾಡದ ತಪ್ಪಿಗೆ ಜಪ್ಪಯ್ಯ ಅಂದ್ರೂ ಸಹಿ ಹಾಕಲ್ಲ ಸಾರ್."

ಮನೆಗೆ ಫೋನು ಮಾಡಿದಳು. ಅತ್ತೆ ಗದರಿದ್ದು ಕೆಲಸ ಹೋಗುತ್ತದೆಂದಲ್ಲ, ಎಲ್ಲಿ ಸಹಿ ಹಾಕಿಬಿಡುತ್ತಾಳೋ ಎಂದು. "ಸಹಿಗಿಹಿ ಹಾಕೀಯ ಮತ್ತೆ! ಕೆಲ್ಸ ಇನ್ನೊಂದು ಹುಡುಕೋಣ ಬಿಡು."

ಸರ್ವರ್‌ನ ಮೆಮೊರಿ ಪರೀಕ್ಷೆ ಮೊದಲೇ ಮುಗಿದಿತ್ತು, ಕೇಬಲ್ಲು ಬದಲಾಗಿತ್ತು, ಡಿಸ್ಕುಗಳು ಗಟ್ಟಿಮುಟ್ಟಾಗಿದ್ದವು. ಹಾಗಾದರೆ ಕೆಡಿಸುವವರು ಯಾರು? ದಾಖಲೆ ಕೆದಕಿದಳು. ಮೂರು ಸಲವೂ ಸೋಮವಾರ, ಬೆಳಿಗ್ಗೆ ಹತ್ತರ ಸುಮಾರು. ಡಿಸ್ಕುಗಳಿದ್ದ ಸ್ಟೋರೇಜ್ ಪೆಟ್ಟಿಗೆಗೆ ಆ ಹೊತ್ತಿನಲ್ಲಿ ಸರ್ವರ್ ಜೊತೆಗೆ ಇನ್ನೊಂದು ಯಂತ್ರವೂ ಜೋಡಿಕೊಂಡಿತ್ತು. ಅದು ಮೇಲಧಿಕಾರಿಯ ಕೋಣೆಯ ಲಿನಕ್ಸ್ ಕಂಪ್ಯೂಟರ್, ವಾರದ ವರದಿ ತಯಾರಿಸುವುದು. ಅವಳಿಗೆ ಮೈಯೆಲ್ಲ ಉರಿದುಹೋಯಿತು.

ಎಕ್ಸ್‌ರೇ ವಿಭಾಗದ ದೊಡ್ಡ ಡಾಕ್ಟರನ್ನು ಕರೆದುಕೊಂಡೇ ಅವನ ಕೋಣೆಗೆ ನುಗ್ಗಿ, ಸೋಮವಾರಗಳ ದಾಖಲೆ ಮುಂದಿಟ್ಟಳು.

"ಅಯ್ಯೋ, ನಾನು ಬರೀ ಓದಿದ್ದು ಕಣ್ರೀ! ಓದೋದಕ್ಕೆ ಮಾತ್ರ ಅಂತಾನೇ ಜೋಡಿಸಿದ್ದು. ಒಂದಕ್ಷರ ಬರೆದಿಲ್ಲ," ಎಂದ ಅವನು.

"ನೀವು ಬರೆದಿಲ್ಲ ಸಾರ್, ನಿಮ್ಮ ಯಂತ್ರ ಬರೆದಿದೆ. ಜೋಡಿಸಿದ ಕೂಡಲೇ ಅದು ಡಿಸ್ಕಿನ ಜರ್ನಲ್, ಅಂದ್ರೆ ಬಾಕಿ ಬರವಣಿಗೆಯ ಪಟ್ಟಿ, ನೋಡುತ್ತೆ. ಅರ್ಧ ಆಗಿರೋ ಕೆಲ್ಸ ಕಂಡ್ರೆ ತಾನೇ ಮುಗಿಸಿಬಿಡುತ್ತೆ. ಆ ಕಡೆ ಸರ್ವರ್ರೂ ಅದೇ ಕೆಲ್ಸ ಮಾಡ್ತಿರುತ್ತೆ. ಒಂದೇ ಪಾತ್ರೆಗೆ ಇಬ್ಬರು ಉಪ್ಪು ಹಾಕಿದ ಹಾಗೆ."

"ಕಥೆ ಹೇಳ್ಬೇಡಿ."

ಅವಳು ಕಥೆ ಹೇಳಲಿಲ್ಲ, ಮಾಡಿ ತೋರಿಸಿದಳು. ಓಡುತ್ತಿದ್ದ ಡಿಸ್ಕಿನ ನಕಲೊಂದನ್ನು ಮೊದಲೇ ತೆಗೆದಿಟ್ಟಿದ್ದಳು. ಒಳಗೆ ಒಂದಕ್ಷರ ಬದಲಾದರೂ ತಾನೂ ಬದಲಾಗುವ ಅದರ ಮೊತ್ತಸಂಖ್ಯೆ (ಚೆಕ್‌ಸಮ್) ಲೆಕ್ಕ ಹಾಕಿ ಕಾಗದದಲ್ಲಿ ಬರೆದಳು. ಅವನು ಜೋಡಿಸುತ್ತಿದ್ದ ಹಾಗೆಯೇ, ಓದಲಿಕ್ಕೆ ಮಾತ್ರ ಎಂದು ಜೋಡಿಸಿ, ಏನನ್ನೂ ಮುಟ್ಟದೆ ಬಿಡಿಸಿದಳು. ಮತ್ತೆ ಲೆಕ್ಕ ಹಾಕಿದರೆ ಸಂಖ್ಯೆಯೇ ಬೇರೆ! ಡಾಕ್ಟರು ಎರಡನ್ನೂ ಬೆರಳಿಟ್ಟು ಓದಿ, ತಲೆಯೆತ್ತಿ ಮೇಲಧಿಕಾರಿಯನ್ನು ನೋಡಿದರು. ಅವನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು.

ಬೆಳಗಿನ ಕಾಗದ ಮೇಜಿನ ಮೇಲೆಯೇ ಬಿದ್ದಿತ್ತು. ಹಟದಕ್ಕ ಅದನ್ನು ಅವನ ಕಡೆ ತಿರುಗಿಸಿ, ಪಕ್ಕದಲ್ಲಿ ಪೆನ್ನಿಟ್ಟಳು.

"ಬರೆದಿದ್ದೆಲ್ಲ ಸರಿಯಾಗೇ ಇದೆ ಸಾರ್. ಹೆಸರೊಂದು ತಿದ್ದಿ, ಸಹಿ ಹಾಕಿ."