ದಪ್ಪ ಅಕ್ಷರದಲ್ಲಿ ಅವ್ವ

ಸುಶೀಲಾಬಾಯಿ ಎಂಬ ಹೆಸರಿನ ‘ಬಾ’ ಅಕ್ಷರದ ಹೊಟ್ಟೆ ನನ್ನ ಹೆಬ್ಬೆರಳಿಗಿಂತ ದಪ್ಪ. ಅದು ಮುಗಿಯುವ ತುದಿ ಮಾತ್ರ ಕೂದಲೆಳೆ. ಕಂಪ್ಯೂಟರ್ ಪರದೆಯ ಮೇಲೆ ಒಂದು ಸಲ ನೋಡಿ ಅಳಿಸಿಬಿಟ್ಟೆ. ಸುಶೀಲಾಬಾಯಿ ನನ್ನ ಅವ್ವ.

ಕತ್ತಲೆಗೆ ಅಂಜುವವರಿದ್ದಾರೆ, ಹಲ್ಲಿಗೆ ಅಂಜುವವರಿದ್ದಾರೆ. ನಾನು ಒಂದು ಅಕ್ಷರಶೈಲಿಗೆ ಅಂಜುತ್ತೇನೆ.

ಬೀದರಿನ ಮೈಲೂರಿನ ಮನೆಯಲ್ಲಿ ಕುಳಿತು ಬ್ಯಾನರು, ಲಗ್ನಪತ್ರಿಕೆಗಳಿಗೆ ಅಕ್ಷರ ಜೋಡಿಸಿಕೊಡುವುದು ನನ್ನ ಕೆಲಸ. ಎಂ.ಎ. ಓದಿದವಳು ಇದನ್ನು ಮಾಡಬೇಕೆ ಎಂದು ಕೇಳುವವರಿದ್ದಾರೆ. ಹೆಚ್ಚು ಮಾತಾಡಬೇಕಾಗಿಲ್ಲ ಎಂಬ ನಿಜವಾದ ಕಾರಣವನ್ನು ಅವರಿಗೆ ಹೇಳಿಲ್ಲ. ಈಗ ಎಲ್ಲರೂ ಕೇಳುವುದು ಒಂದೇ ಅಕ್ಷರ: ಹಳೆಯ ಪೋಸ್ಟರಿನ ಠೀವಿ, ದಪ್ಪ ಮೈ, ತುದಿಯಲ್ಲಿ ಪುಟ್ಟ ಪಾದ. ಆ ಪಾದಕ್ಕೆ ಇಂಗ್ಲಿಷಿನಲ್ಲಿ ಸೆರಿಫ್ ಎನ್ನುತ್ತಾರೆ. ಯಾರೋ ಪುಣ್ಯಾತ್ಮರು ಅದನ್ನು ಕನ್ನಡಕ್ಕೂ ತೊಡಿಸಿದ್ದಾರೆ. ಪುಸ್ತಕದ ಅಕ್ಷರ ಪಕ್ಕದಲ್ಲಿ ಕುಳಿತು ಮಾತಾಡುವಂಥದ್ದು. ಇದು ಹುಟ್ಟಿದ್ದೇ ಗೋಡೆಗಾಗಿ, ಬೀದಿಯಾಚೆ ನಿಂತವರನ್ನು ಕೂಗಿ ಕರೆಯುವುದಕ್ಕಾಗಿ. ಮಿಠಾಯಿ ಡಬ್ಬಿ, ಸೀರೆ ಅಂಗಡಿ, ಚುನಾವಣೆ, ಎಲ್ಲದಕ್ಕೂ ಒಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಸರ್ಕಲ್ಲಿನಲ್ಲಿ ಫೋಟೋದ ಕೆಳಗೆ ನಿಲ್ಲುವ ‘ಭಾವಪೂರ್ಣ ಶ್ರದ್ಧಾಂಜಲಿ’ಗೆ.

ಹಾಗಾಗಿ, ಆ ಅಕ್ಷರ ಕಂಡರೆ ಯಾರೋ ತೀರಿಹೋದರು ಎಂದುಕೊಳ್ಳುವಷ್ಟು ಜನರ ಕಣ್ಣು ಪಳಗಿಬಿಟ್ಟಿದೆ. ಭಾಲ್ಕಿಯ ಬಟ್ಟೆ ವ್ಯಾಪಾರಿಯೊಬ್ಬರ ಹುಟ್ಟುಹಬ್ಬಕ್ಕೆ ನಾನು ಮಾಡಿಕೊಟ್ಟ ಬ್ಯಾನರನ್ನು ಬಸ್ಸಿನಿಂದ ನೋಡಿದ ಅವರ ಷಡ್ಡಕ, ಮುಂದಿನ ಸ್ಟಾಪಿನಲ್ಲಿ ಇಳಿದು, ಹಾರ ಕೊಂಡು ಮನೆಗೆ ಹೋದರಂತೆ. ಬಾಗಿಲು ತೆರೆದದ್ದು ವ್ಯಾಪಾರಿಯೇ. ಹಾರ ಅವರ ಕೊರಳಿಗೇ ಬಿತ್ತು, ಷಡ್ಡಕರಿಗೆ ಕೇಕೂ ಸಿಕ್ಕಿತು. ಆಗ ನಾನು ನಕ್ಕಿದ್ದೆ.

ಅವ್ವ ಔರಾದಿನ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಈ ತಿಂಗಳು ನಿವೃತ್ತಿ. ಸನ್ಮಾನದ ಬ್ಯಾನರಿನ ಜವಾಬ್ದಾರಿಯನ್ನು ಔರಾದಿನ ಮಾಮಾ ಹೊತ್ತರು, ಅಂದರೆ ನನ್ನ ಮೇಲೆ ಹೊರಿಸಿದರು. ಅವ್ವನ ಎದೆಯಲ್ಲಿ ಗಂಟು ಕಂಡು, ಅದರ ಚೂರನ್ನು ಪರೀಕ್ಷೆಗೆ ಕಳಿಸಿದ್ದು ಅವರಿಗೆ ಗೊತ್ತಿರಲಿಲ್ಲ. ಏನೆಂದು ಹೇಳಲು ಡಾಕ್ಟರು, ನಾನು ಬ್ಯಾನರಿಗೆ ಕುಳಿತ ಮರುದಿನವೇ ಬರಹೇಳಿದ್ದರು. ಇಂಥ ಹೊತ್ತಿನಲ್ಲಿ ಅವ್ವನ ಫೋಟೋ, ಅದರ ಕೆಳಗೆ ಅದೇ ಅಕ್ಷರ. ಕಾಲೇಜಿನಲ್ಲಿ ಮೂಢನಂಬಿಕೆಯ ವಿರುದ್ಧ ಪ್ರಬಂಧ ಬರೆದು ಬಹುಮಾನ ಪಡೆದವಳು ನಾನು; ಆದರೂ ಆ ‘ಬಾ’ವನ್ನು ಅಳಿಸಿದ್ದು ಆಗಲೇ. ಹೆಸರನ್ನು ತೆಳ್ಳನೆಯ ಅಕ್ಷರದಲ್ಲಿ ಮಾಡಿ, ಮನೆಗೆ ಬಂದ ಮಾಮಾಗೆ ತೋರಿಸಿದೆ.

“ಇದೇನವ್ವಾ, ಔಷಧ ಸೀಸಿ ಮ್ಯಾಲಿನ ಅಕ್ಷರ ಇದ್ದಂಗ ಅದ,” ಎಂದರು. “ಠಾಣಾ ಕುಶನೂರ ಬಸ್ಸಿನಾಗ ಕುಂತವರಿಗಿ ಕಾಣಬೇಕು.”

ಅವರು ಹೋದ ಮೇಲೆ, ತೊಗರಿಬೇಳೆ ಆರಿಸುತ್ತಿದ್ದ ಅವ್ವ ಎದ್ದು ಬಂದು ಪರದೆ ನೋಡಿದಳು. ತೆಳ್ಳನೆಯ ಅಕ್ಷರ ಯಾಕೆಂದು ಅವಳಿಗೆ ಹೇಳಬೇಕಾಗಿರಲಿಲ್ಲ; ಭಾಲ್ಕಿಯ ಹಾರದ ಕಥೆಗೆ ನನಗಿಂತ ಹೆಚ್ಚು ನಕ್ಕವಳು ಅವಳು.

“ಅಂಜಿದಿ ಏನು?” ಎಂದಳು. “ಡಾಕ್ಟರ್ ನಾಳಿ ಏನಿದ್ರೂ ಮೆಲ್ಲಕ ಹೇಳ್ತಾರ. ನೀ ನನ್ನ ಹೆಸರು ಜೋರ್ಲೆ ಬರಿ. ಯಾರರ ಹಾರ ತಂದ್ರ, ಬಾಗಿಲಾ ನಾನೇ ತೆಗಿತೀನಿ.”

ಮತ್ತೆ ಹೋಗಿ ಬೇಳೆಯ ಮುಂದೆ ಕುಳಿತಳು. ಆರಿಸಿದ್ದನ್ನೇ ಇನ್ನೊಮ್ಮೆ ಆರಿಸುತ್ತಿದ್ದುದನ್ನು ನಾನು ನೋಡಿದೆ. ನೋಡದವಳ ಹಾಗೆ ಇದ್ದೆ.

ಮರುದಿನ ಬೆಳಿಗ್ಗೆ ಆ ‘ಬಾ’ವನ್ನು ಪರದೆಗೆ ವಾಪಸು ತಂದೆ, ಮೊದಲಿಗಿಂತ ಒಂದಿಷ್ಟು ದಪ್ಪವಾಗಿಯೇ. ಎರಡು ಸಲ ತಪ್ಪು ಕೀ ಒತ್ತಿ ತಿದ್ದಿದೆ. ಅಚ್ಚಿನ ಅಕ್ಷರದ ದೊಡ್ಡ ಗುಣವೆಂದರೆ ಜೋಡಿಸಿದವರ ಕೈ ಅದರಲ್ಲಿ ಕಾಣುವುದಿಲ್ಲ. ಪ್ರಿಂಟಿಗೆ ಕಳಿಸಿ, ಅವ್ವನ ಚಪ್ಪಲಿಯನ್ನು ಬಾಗಿಲ ಹತ್ತಿರ ಇಟ್ಟು, ಆಸ್ಪತ್ರೆಗೆ ಆಟೋ ಕರೆದೆ.